ಮನ್ಸೂರ್ ಸಾಬರ ಆಷಾಢ ಸ್ಪೆಷಲ್

ಆಷಾಢ ಬಂತೆಂದರೆ ಬಟವಾಡಿಯ ಮನ್ಸೂರ್ ಸಾಬರಿಗೆ ಮೈಯೆಲ್ಲ ಉರಿ. ಬೇಸಿಗೆಯುದ್ದಕ್ಕೂ ಮದುವೆ ದಿಬ್ಬಣಗಳನ್ನು ಹೊತ್ತು ಜಿಲ್ಲೆಯನ್ನೆಲ್ಲ ಅಳೆಯುತ್ತಿದ್ದ ಅವರ ಮೆಟಡಾರ್ ವ್ಯಾನು, ಜ್ಯೇಷ್ಠ ಮುಗಿದ ಮರುದಿನವೇ ಮನೆ ಮುಂದಿನ ಹೊಂಗೆ ಮರದ ಕೆಳಗೆ ನಿಂತುಬಿಡುತ್ತಿತ್ತು. ಆಷಾಢದಲ್ಲಿ ಹಿಂದೂಗಳ ಮನೆಗಳಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಹೊಸ ಪೊರಕೆ ಕೊಳ್ಳುವುದಕ್ಕೂ ಹಿಂದೆ ಮುಂದೆ ನೋಡುತ್ತಾರೆ. ವ್ಯಾನಿಗೆ ಕೆಲಸವಿಲ್ಲ ಎಂದ ಕೂಡಲೇ ಅದರ ಆಡಳಿತವೂ ಸಾಬರ ಕೈತಪ್ಪಿ ಅವರ ಹೆಂಡತಿ ಹಜರಾ ಬೀಯ ವಶವಾಗುತ್ತಿತ್ತು. ಆಕೆ ವ್ಯಾನಿನ ಕಿಟಕಿಯಿಂದ ಮರಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಿದ್ದಳು. ಹಿಂದಿನ ಸೀಟಿನ ಮೇಲೆ ಈರುಳ್ಳಿ ಹರವುತ್ತಿದ್ದಳು. ಒಂದು ವರ್ಷವಂತೂ ಡ್ರೈವರ್ ಸೀಟಿನ ಕೆಳಗೆ ಕೋಳಿಯನ್ನು ಕಾವಿಗೆ ಕೂರಿಸಿ, ಮರಿಯಾಗುವವರೆಗೆ ಮಾಲೀಕರನ್ನೇ ಹತ್ತಿರ ಸೇರಿಸಿರಲಿಲ್ಲ.

ಎಂಬತ್ತಾರನೇ ಇಸವಿಯಲ್ಲಿ ವಿಷಯ ಈರುಳ್ಳಿ, ಕೋಳಿಗಳನ್ನು ದಾಟಿತು. ಹಜರಾ ಬೀಯ ತಮ್ಮ ಅಜ್ಮತುಲ್ಲಾ ಕುಣಿಗಲ್ಲಿನಲ್ಲಿ ತೆಂಗಿನಕಾಯಿ ವ್ಯಾಪಾರಿ. ಒಂದು ದಿನ ಅಕ್ಕನ ಮನೆಗೆ ಬಂದವನು ವ್ಯಾನನ್ನು ಒಂದು ಸುತ್ತು ಹಾಕಿ, ಟೈರಿಗೆ ಕಾಲಿಂದ ಒಮ್ಮೆ ಒದ್ದು, "ಭಾವ, ಸೀಟೆಲ್ಲಾ ಕಿತ್ತಾಕಿದ್ರೆ ಒಳ್ಳೇ ಕಾಯಿ ಗಾಡಿ ಆಗುತ್ತೆ. ಸುಮ್ನೆ ನಿಂತು ತುಕ್ಕು ಹಿಡಿಯೋ ಬದ್ಲು ನಂಗೆ ಕೊಟ್ಬಿಡಿ," ಅಂದ.

ಎಷ್ಟೋ ಮದುಮಕ್ಕಳು ಬೆವರುತ್ತ, ನಾಚುತ್ತ ಕೂತ ಸೀಟು! ಅದನ್ನು ಕಿತ್ತು ತೆಂಗಿನಕಾಯಿ ಸುರಿಯುವುದೇ? ಸಾಬರು ಮೈದುನನಿಗೆ ಟೀ ಕುಡಿಸಿ ಬಸ್ಸು ಹತ್ತಿಸಿ ಬಂದು ಹೆಂಡತಿಯ ಮೇಲೆ ಎಗರಿ ಬಿದ್ದರು. (ಆ ಮನೆಯಲ್ಲಿ ಮಾತುಕತೆ ಉರ್ದುವಿನಲ್ಲಿ. ಜಗಳಕ್ಕೆ ಮಾತ್ರ ಹಜರಾ ಬೀ ಕನ್ನಡವನ್ನೇ ಬಳಸುತ್ತಿದ್ದಳು. ನ್ಯಾಯ ಯಾರ ಕಡೆಗಿದೆ ಎಂಬುದು ಅಕ್ಕಪಕ್ಕದ ಮನೆಯವರಿಗೂ ತಿಳಿಯಲಿ ಎಂದು.)

"ನಿನ್ ತಮ್ಮಂಗೆ ನನ್ ಗಾಡಿ ಮೇಲೆ ಯಾಕೆ ಕಣ್ಣು?"

"ಅವನೇನ್ ಕದ್ಕೊಂಡು ಹೋದ್ನಾ? ಕೇಳ್ದ ಅಷ್ಟೆ. ಮರದ ಕೆಳಗೆ ನಿಲ್ಸೋಕೆ ಗಾಡಿ ಯಾಕ್ರೀ? ಎಮ್ಮೆ ಕಟ್ಟಿದ್ರೆ ಹಾಲಾದ್ರೂ ಕೊಡೋದು."

"ಆಷಾಢ ಒಂದು ತಿಂಗ್ಳು ಕಣೇ! ಆಮೇಲೆ ನೋಡು ನನ್ ಗಾಡಿ ಗತ್ತು!"

"ಆಷಾಢ ಆಯ್ತು, ಆಮೇಲೆ ಪಿತೃಪಕ್ಷ, ಆಮೇಲೆ ಧನುರ್ಮಾಸ. ಅವರ ಪಂಚಾಂಗದಲ್ಲಿ ನಿಮ್ ಗಾಡಿಗೆ ರಜಾನೇ ಜಾಸ್ತಿ. ಹೋಗ್ಲಿ, ರಜ ಇದ್ದಾಗ ನನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗಿದೀರಾ? ಮದ್ವೆ ಆಗಿ ಇಪ್ಪತ್ತೆರಡು ವರ್ಷ ಆಯ್ತು, ಕೂಗಿದ್ರೆ ಕೇಳೋ ಅಷ್ಟು ದೂರದ ಕುಣಿಗಲ್ಲಿಗೆ ಹೋಗಿ ಒಂದ್ ರಾತ್ರಿ ಅಮ್ಮನ್ ಮನೇಲಿ ಮಲಗಿಲ್ಲ ನಾನು. ಸೀಜನ್ನಲ್ಲಿ ಕೇಳಿದ್ರೆ ಪುರುಸೊತ್ತಿಲ್ಲ, ಸೀಜನ್ ಮುಗಿದ್ರೆ ಗಾಡಿಗೆ ರೆಸ್ಟು! ಪಕ್ಕದ್ಮನೆ ವನಜಮ್ಮನ ಸೊಸೆ ನೋಡಿ. ಬಂದು ಎರಡು ತಿಂಗ್ಳಿಲ್ಲ, ಆಗ್ಲೇ ಆಷಾಢ ಅಂತ ಒಂದು ತಿಂಗ್ಳು ತವರು! ನಮ್ಗೆ ಆ ಆಷಾಢಾನೂ ಇಲ್ಲ."

ಈ ಕೊನೆಯ ಮಾತು ಸಾಬರ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅವರ ತಲೆಯಲ್ಲಿ ಆ ಹೊತ್ತಿಗೆ ಬೇರೊಂದು ದಿವ್ಯಜ್ಞಾನ ಉದಯಿಸುತ್ತಿತ್ತು. ಜನ ಆಷಾಢದಲ್ಲಿ ಮದುವೆಯಾಗದಿರಲಿ, ಊರು ನೋಡಬಾರದೆಂದು ಯಾವ ಶಾಸ್ತ್ರದಲ್ಲಿದೆ? ಬಿಸಿಲಿಲ್ಲ, ಧೂಳಿಲ್ಲ, ಎಲ್ಲಿ ಹೋದರೂ ಜನರ ನೂಕುನುಗ್ಗಲಿಲ್ಲ. ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಉಂಟೇ? ಇಷ್ಟು ವರ್ಷ ಇದು ಯಾರಿಗೂ ಹೊಳೆಯದೆ ತಮಗೊಬ್ಬರಿಗೇ ಹೊಳೆದದ್ದರಲ್ಲಿ ಸಾಬರಿಗೆ ಆಶ್ಚರ್ಯವೇನೂ ಕಾಣಲಿಲ್ಲ.

"ಕೇಳಿಲ್ಲಿ," ಎಂದರು ಎದೆ ಸೆಟೆಸಿ. "ಈ ಆಷಾಢದಲ್ಲೇ ಟೂರ್ ಹೊರಡಿಸ್ತೀನಿ. ಒಂದು ಸೀಟು ಖಾಲಿ ಇದ್ರೂ ಗಾಡಿ ನಿನ್ ತಮ್ಮಂದು. ಸೀಟೆಲ್ಲಾ ಭರ್ತಿಯಾದ್ರೆ ಅವನು ಮತ್ತೆ ಕಾಯಿ ಗಾಡಿ ಮಾತೆತ್ತಬಾರ್ದು."

"ಭರ್ತಿಯಾದ್ರೆ ನಂಗೇನು?"

"ನೀನ್ ಕೇಳಿದ್ದು ಕೊಡ್ತೀನಿ. ಏನ್ ಬೇಕಾದ್ರೂ ಕೇಳು."

ಹಜರಾ ಬೀ ಕಾಂಪೌಂಡಿನ ಹತ್ತಿರ ಹೋಗಿ, "ವನಜಮ್ಮಾ, ಕೇಳಿಸ್ತಾ?" ಎಂದು ಕೂಗಿದಳು.

"ಕೇಳಿಸ್ತು ಹಜರಾ ಬೀ. ಏನ್ ಬೇಕಾದ್ರೂ ಅಂದ್ರು," ಎಂದು ಆ ಕಡೆಯಿಂದ ಉತ್ತರ ಬಂತು.

ಈಗ ಜನ ಬೇಕಲ್ಲ. ಗಂಡಸರಿಗೆ ಕೆಲಸ, ಮಕ್ಕಳಿಗೆ ಸ್ಕೂಲು. ಸಾಬರು ಬಟವಾಡಿಯಿಂದ ಶೆಟ್ಟಿಹಳ್ಳಿಯವರೆಗೆ ಒಂದು ಸುತ್ತು ಹಾಕಿ ಬಂದು ಅದ್ಭುತವಾದ ಸತ್ಯವೊಂದನ್ನು ಕಂಡುಹಿಡಿದರು. ಆಷಾಢದಲ್ಲಿ ಊರಿನಲ್ಲಿ ಸುಮ್ಮನೆ ಕೂತಿರುವವರೆಂದರೆ ಹೊಸ ಅತ್ತೆಯರು! ವೈಶಾಖದಲ್ಲಿ ಮನೆ ತುಂಬಿಸಿಕೊಂಡ ಸೊಸೆ ತವರಿಗೆ ಹೋಗಿದ್ದಾಳೆ. ಎರಡು ತಿಂಗಳು ಬಿಟ್ಟಿದ್ದ ಒಲೆ ಮತ್ತೆ ಕೊರಳಿಗೆ ಬಿದ್ದಿದೆ. ಬೈಯೋಣವೆಂದರೆ ಸೊಸೆಯಿಲ್ಲ, ಬೈಯದೆ ಹೊತ್ತು ಹೋಗುವುದಿಲ್ಲ. ಇಂಥ ದುಃಖತಪ್ತ ಜೀವಗಳಿಗೆ ಟೂರು ಬೇಡವೇ?

ವನಜಮ್ಮನಿಂದಲೇ ಶುರು ಮಾಡಿದರು. "ಒಂದು ದಿನದ ಟೂರು ವನಜಮ್ನೋರೆ. ಗುಬ್ಬಿ ದೇವಸ್ಥಾನ, ಮಾರ್ಕೋನಹಳ್ಳಿ ಡ್ಯಾಮು, ಕುಣಿಗಲ್ ಕೆರೆ. ಸೀಜನ್ ಅಲ್ಲ ನೋಡಿ, ಅದಕ್ಕೆ ಅರ್ಧ ರೇಟು. ದೇವರು ಕೂಡ ಬಿಡುವಾಗಿರ್ತಾನೆ, ನಿಂತು ನಿಮ್ ಮಾತು ಕೇಳ್ತಾನೆ."

"ಹಜರಾ ಬೀ ಬಂದ್ರೆ ನಾವೂ ಬರ್ತೀವಿ ಸಾಬ್ರೆ. ಬರೀ ನಿಮ್ಮೊಬ್ರನ್ನೇ ನಂಬ್ಕೊಂಡು ಹೆಂಗಸ್ರು ಹೆಂಗ್ ಬರೋದು?"

ಹಜರಾ ಬೀ ಎರಡನೇ ಮಾತಿಲ್ಲದೆ ಒಪ್ಪಿದಳು. ಸಾಬರಿಗೆ ಅಲ್ಲೇ ಅನುಮಾನ ಬರಬೇಕಿತ್ತು, ಬರಲಿಲ್ಲ. ಅಷ್ಟರಲ್ಲಿ ಶೆಟ್ಟಿಹಳ್ಳಿಯ ಪುಟ್ಟತಾಯಮ್ಮನವರೂ ತಮ್ಮ ಭಜನೆ ಗುಂಪಿನೊಂದಿಗೆ ಹೊರಟು ನಿಂತರು. ಐದು ಜನ ಗಂಡುಮಕ್ಕಳ ಮದುವೆ ಮಾಡಿದ ಪುಟ್ಟತಾಯಮ್ಮ ಅತ್ತೆಯರ ಪೈಕಿ ಹೈಕೋರ್ಟಿದ್ದಂತೆ. ಅವರು ಹೇಳಿದ್ದಕ್ಕೆ ಮೇಲ್ಮನವಿ ಇಲ್ಲ.

ಇಷ್ಟಾದರೂ ಹಿಂದಿನ ಸಾಲು ಖಾಲಿ ಉಳಿಯಿತು. ಒಂದು ಸೀಟು ಖಾಲಿ ಉಳಿದರೂ ತೆಂಗಿನಕಾಯಿಯೇ ಗತಿ. ಆಗ ಸಾಬರಿಗೆ ಎರಡನೆಯ ದಿವ್ಯಜ್ಞಾನವಾಯಿತು. ಈ ಅತ್ತೆಯರಲ್ಲಿ ವನಜಮ್ಮ ಮತ್ತು ಇನ್ನು ಕೆಲವರ ಸೊಸೆಯರು ಗುಬ್ಬಿ ಕಡೆಯವರು. ಆ ಮದುವೆಗಳಿಗೆ ದಿಬ್ಬಣದ ಗಾಡಿ ಹೊಡೆದವರು ಸಾಬರೇ, ಮನೆ ಬಾಗಿಲು ಗೊತ್ತು. ಆ ಹುಡುಗಿಯರೂ ತವರಿನಲ್ಲಿ ಬೇಜಾರಾಗಿ ಕೂತಿರುತ್ತಾರೆ. ಅವರನ್ನು ಗುಬ್ಬಿಯಲ್ಲಿ ಹತ್ತಿಸಿಕೊಂಡರೆ ಸೀಟೂ ಭರ್ತಿ, ಅತ್ತೆಯರಿಗೆ ಆನಂದಾಶ್ಚರ್ಯವೂ ಪುಕ್ಕಟೆ! ಆಷಾಢದಲ್ಲಿ ಗಂಡಹೆಂಡತಿ ಒಟ್ಟಿಗಿರಬಾರದು ಎಂಬುದು ಸಾಬರಿಗೆ ಗೊತ್ತಿತ್ತು. ಗಂಡಂದಿರನ್ನು ಅವರೇನೂ ಕರೆದಿರಲಿಲ್ಲವಲ್ಲ. ಯಾರಿಗೂ ಹೇಳದೆ, ಹೆಂಡತಿಗೂ ಹೇಳದೆ, ಗುಬ್ಬಿಗೆ ಹೋಗಿ, ಹುಡುಗಿಯರ ಮುಂದೆ ಅತ್ತೆಯರ ಸುದ್ದಿಯನ್ನೇ ಎತ್ತದೆ, ಎಲ್ಲ ಗೊತ್ತು ಮಾಡಿ ಬಂದರು.

ಹಿಂದೂ ಸಂಪ್ರದಾಯದಲ್ಲಿ ತಮಗೆ ತಿಳಿಯದ್ದು ಇಲ್ಲವೆಂದು ಸಾಬರ ದೃಢವಾದ ನಂಬಿಕೆ. ಅದು ಪೂರಾ ಸುಳ್ಳೂ ಅಲ್ಲ. ಧಾರೆ, ನಾಗೋಲಿ, ಬೀಗರೂಟ, ಯಾವುದಕ್ಕೆ ಯಾರು ಮುಂದೆ ಕೂರಬೇಕು, ಯಾರು ಮುನಿಸಿಕೊಳ್ಳುತ್ತಾರೆ, ಎಲ್ಲ ಅವರಿಗೆ ಬಾಯಿಪಾಠ. ಪುರೋಹಿತರು ತಡವರಿಸಿದರೆ ಇವರು ಸ್ಟೇರಿಂಗ್ ಹಿಂದಿನಿಂದಲೇ ಹೇಳಿಕೊಡುತ್ತಿದ್ದರು. ಆದರೆ ಆ ಪಾಂಡಿತ್ಯವೆಲ್ಲ ವ್ಯಾನು ಓಡುವ ತಿಂಗಳುಗಳದು. ಆಷಾಢದಲ್ಲಿ ವ್ಯಾನು ಮರದ ಕೆಳಗೆ, ಸಾಬರು ವ್ಯಾನಿನ ಕೆಳಗೆ. ಆ ತಿಂಗಳ ಪಾಠ ಅವರಿಗೆ ಆಗಿಯೇ ಇರಲಿಲ್ಲ.

ಗುರುವಾರ ಬೆಳಿಗ್ಗೆ ವ್ಯಾನು ಮದುಮಗಳಂತೆ ಸಿಂಗಾರಗೊಂಡಿತು. ಸಾಬರು ಅಭ್ಯಾಸಬಲದಿಂದ ಬಾಗಿಲಿಗೆ ಮಾವಿನ ತೋರಣ ಕಟ್ಟಿದರು. ವನಜಮ್ಮ ಶುಭಕ್ಕಿರಲಿ ಎಂದು ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚಿದಳು. ಹಜರಾ ಬೀ ಒಂದು ದೊಡ್ಡ ಕಬ್ಬಿಣದ ಟ್ರಂಕನ್ನು ಹಿಂದಿನ ಬಾಗಿಲಿಗೆ ಅಡ್ಡವಾಗಿ ಇಡಿಸಿದಳು.

"ಒಂದು ದಿನದ ಟೂರಿಗೆ ಟ್ರಂಕ್ ಯಾಕೆ?" ಎಂದು ಸಾಬರು ಕೇಳಿದರು.

"ಗಾಜಿನ ಸಾಮಾನಿದೆ. ಮುಟ್ಟಬೇಡಿ, ಅಲ್ಲಾಡಿಸ್ಬೇಡಿ," ಎಂದು ಆಕೆ ಮುಂದಿನ ಸೀಟಿನಲ್ಲಿ ಗಂಭೀರವಾಗಿ ಕೂತಳು.

ಭಜನೆ ಹೇಳುತ್ತ, ಚಕ್ಕುಲಿ ಮುರಿಯುತ್ತ ಗುಬ್ಬಿ ತಲುಪಿದರು. ಬಸ್ ಸ್ಟ್ಯಾಂಡಿನ ಹತ್ತಿರ ಹೊಸ ಸೀರೆ ಉಟ್ಟು, ತಲೆ ತುಂಬ ಹೂ ಮುಡಿದು ನಾಲ್ಕೈದು ಹುಡುಗಿಯರು ನಿಂತಿದ್ದರು. ಸಾಬರು ವ್ಯಾನು ನಿಲ್ಲಿಸಿ, ಹಿಂದೆ ತಿರುಗಿ, ಜಾದೂಗಾರ ಬಟ್ಟೆ ಸರಿಸುವ ಠೀವಿಯಲ್ಲಿ, "ನೋಡಿ, ಯಾರು ಬಂದವ್ರೆ ಅಂತ!" ಎಂದರು.

ವನಜಮ್ಮ ನೋಡಿದಳು. ಅವಳ ಸೊಸೆ ಸಿದ್ದಗಂಗಮ್ಮ ಮೆಟ್ಟಿಲ ಮೇಲೆ ಕಾಲಿಡುವುದರಲ್ಲಿದ್ದಳು. ವನಜಮ್ಮ ಕಿಟಾರನೆ ಕಿರುಚಿದಳು. "ಹತ್ಬೇಡ ಕಣೇ! ಅಲ್ಲೇ ನಿಲ್ಲು!"

ಅತ್ತೆಯ ಮುಖ ಕಂಡ ಸೊಸೆಯೂ "ಅಯ್ಯಯ್ಯೋ!" ಎಂದು ಕೆಂಡ ತುಳಿದವಳ ಹಾಗೆ ಹಿಂದಕ್ಕೆ ಹಾರಿದಳು. ಒಳಗಿದ್ದ ಉಳಿದ ಅತ್ತೆಯರೂ, ಹೊರಗಿದ್ದ ಸೊಸೆಯರೂ ಒಟ್ಟಿಗೆ ಗಲಾಟೆ ಎಬ್ಬಿಸಿದರು. ಬಸ್ ಸ್ಟ್ಯಾಂಡಿನ ಜನ, ಏನೋ ಆಕ್ಸಿಡೆಂಟು ಎಂದು ಓಡಿ ಬಂದರು.

"ಏನಾಯ್ತು ವನಜಮ್ನೋರೆ? ನಿಮ್ ಸೊಸೇನೇ ಅಲ್ವಾ?" ಎಂದು ಸಾಬರು ಬೆಪ್ಪಾಗಿ ಕೇಳಿದರು.

"ಸೊಸೆ ಅಂತಾನೇ ಕಣ್ರೀ! ಮೊದಲ್ನೇ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಬಾಗ್ಲಲ್ಲಿ ಓಡಾಡಬಾರ್ದು. ಅಷ್ಟೂ ಗೊತ್ತಿಲ್ವಾ?"

ಸಾಬರು ಹೆಂಡತಿಯ ಕಡೆ ನೋಡಿದರು. "ನಿಂಗೆ ಗೊತ್ತಿತ್ತಾ?"

"ಕೇಳಿದ್ರೆ ಹೇಳ್ತಿದ್ದೆ," ಎಂದಳು ಹಜರಾ ಬೀ.

"ಅದು ಮನೆ ಬಾಗ್ಲಿಗೆ ಇರ್ಬೋದು. ಇದು ಗಾಡಿ ಅಲ್ವಾ? ಗಾಡಿಗೆಲ್ಲಿ ಹೊಸ್ತಿಲು?" ಎಂದು ಸಾಬರು ವಾದ ಹೂಡಿದರು. ಎಲ್ಲರ ಕಣ್ಣೂ ಪುಟ್ಟತಾಯಮ್ಮನವರ ಕಡೆ ತಿರುಗಿದವು. ಅವರು ಎಲೆಯಡಿಕೆಯನ್ನು ದವಡೆಯ ಒಂದು ಬದಿಗೆ ತಳ್ಳಿ, ವ್ಯಾನಿನ ಬಾಗಿಲನ್ನು ಮೇಲಿಂದ ಕೆಳಗೆ ನೋಡಿ, ತೀರ್ಪು ಕೊಟ್ಟರು.

"ಮೆಟ್ಲೈತೆ, ಕದ ಐತೆ. ಮೇಲೆ ತೋರಣ ಕಟ್ಟಿದೀಯ, ಕೆಳಗೆ ಅರಿಶಿನ ಕುಂಕುಮ ಐತೆ. ಇದು ಹೊಸ್ತಿಲಲ್ದೆ ಇನ್ನೇನಪ್ಪಾ ಸಾಬಣ್ಣ?"

ತಾವೇ ಕಟ್ಟಿದ ತೋರಣ! ಸಾಬರ ಕಣ್ಣ ಮುಂದೆ ತೆಂಗಿನಕಾಯಿಗಳು ಉರುಳಿದವು. ಆದರೆ ಕೆಟ್ಟು ನಿಂತ ಗಾಡಿಯಲ್ಲಿ ಮುಹೂರ್ತಕ್ಕೆ ಸರಿಯಾಗಿ ಮದುಮಗನನ್ನು ಇಳಿಸಿದ ಮನುಷ್ಯ ಅವರು, ಇಷ್ಟಕ್ಕೆ ಸೋಲುವವರೇ? "ಎರಡನೇ ಬಾಗ್ಲಿದ್ರೆ ಆಗುತ್ತೋ?" ಎಂದು ಕೇಳಿದರು. ಪುಟ್ಟತಾಯಮ್ಮ ಯೋಚಿಸಿ, ಆಗುತ್ತೆ ಅಂದರು. ಹಿಂದಿನ ಬಾಗಿಲಿಗೆ ಟ್ರಂಕು ಅಡ್ಡ. "ಗಾಜಿನ ಸಾಮಾನು!" ಎಂದು ಹಜರಾ ಬೀ ಕಣ್ಣು ಬಿಟ್ಟಳು. ಇನ್ನುಳಿದದ್ದು ಡ್ರೈವರ್ ಬಾಗಿಲು.

ಮೆಟಡಾರಿನಲ್ಲಿ ಡ್ರೈವರ್ ಸೀಟಿನ ಪಕ್ಕ ಗೂನುಬೆನ್ನಿನ ಹಾಗೆ ಉಬ್ಬಿದ ಎಂಜಿನ್ ಪೆಟ್ಟಿಗೆ ಇರುತ್ತದೆ. ಸಾಬರು ಅದರ ಮೇಲೆ ಒದ್ದೆ ಗೋಣಿಚೀಲ ಹಾಸಿ, ತಮ್ಮ ಸೀಟು ಬಿಟ್ಟಿಳಿದು, "ಬನ್ರಮ್ಮಾ, ಸೊಸೇರೆಲ್ಲಾ ಈ ಕಡೆಯಿಂದ!" ಎಂದರು. ಜರಿಸೀರೆಯ ಹುಡುಗಿಯರು ನಗುತ್ತ, "ಸುಡ್ತದೆ, ಸುಡ್ತದೆ" ಎಂದು ಕಿರುಚುತ್ತ, ಒಬ್ಬೊಬ್ಬರಾಗಿ ಸ್ಟೇರಿಂಗು ಹಿಡಿದು, ಎಂಜಿನ್ ಏರಿ, ಹಜರಾ ಬೀಯ ಹೆಗಲ ಮೇಲೆ ಕೈಯೂರಿ ಒಳಗಿಳಿದರು. ಸಿದ್ದಗಂಗಮ್ಮನ ಮೊಣಕೈ ತಗುಲಿ ಹಾರನ್ನು ಬೊಂಯ್ ಎಂದಿತು. ಬಸ್ ಸ್ಟ್ಯಾಂಡಿನ ಜನ ಚಪ್ಪಾಳೆ ತಟ್ಟಿದರು. ಗಾಡಿ ಭರ್ತಿ!

ದೇವಸ್ಥಾನಕ್ಕೂ ಬಾಗಿಲಿದೆಯಲ್ಲ ಎಂದು ಪುಟ್ಟತಾಯಮ್ಮ ನೆನಪಿಸಿದಾಗ ಸಾಬರು ತಡವರಿಸಲೇ ಇಲ್ಲ. "ಇದಕ್ಕೇ ಅಲ್ವಾ ಡ್ಯಾಮು, ಕೆರೆ ಇಟ್ಕೊಂಡಿರೋದು? ಇವತ್ತಿಂದು ಬಾಗಿಲಿಲ್ಲದ ಟೂರು!" ಎಂದು ಘೋಷಿಸಿ, ಹೊರಗಿನಿಂದಲೇ ಎಲ್ಲರ ಕೈ ಮುಗಿಸಿ ಹೊರಟರು. (ದಾರಿಯುದ್ದಕ್ಕೂ ಇದನ್ನು ಮೊದಲೇ ಯೋಚಿಸಿದ್ದೆ ಎಂದು ಹೇಳುತ್ತ ಹೋದವರು, ಡ್ಯಾಮು ಸಿಗುವ ಹೊತ್ತಿಗೆ ತಾವೇ ಅದನ್ನು ನಂಬಿದ್ದರು.)

ಮಾರ್ಕೋನಹಳ್ಳಿಯಲ್ಲಿ ನಿಜಕ್ಕೂ ಯಾವ ಬಾಗಿಲೂ ಇರಲಿಲ್ಲ. ನೀರು, ಏರಿ, ಆಕಾಶ, ಸೆರಗು ಹಾರಿಸುವ ಆಷಾಢದ ಗಾಳಿ. ಅತ್ತೆಯರು ಒಂದು ಬಾಗಿಲಲ್ಲಿ, ಸೊಸೆಯರು ಇನ್ನೊಂದರಲ್ಲಿ ಇಳಿದು, ಬಯಲಿಗೆ ಬಂದದ್ದೇ ಒಂದಾಗಿಬಿಟ್ಟರು. ಬುತ್ತಿ ಬಿಚ್ಚಿದರು. ವನಜಮ್ಮ ಯಾರೂ ನೋಡುತ್ತಿಲ್ಲವೆಂದುಕೊಂಡು ತನ್ನ ಪಾಲಿನ ಒಬ್ಬಟ್ಟನ್ನೂ ಸೊಸೆಯ ಎಲೆಗೆ ತಳ್ಳಿ, "ಸೊರಗಿದೀಯಲ್ಲೇ, ಅಮ್ಮನ್ ಮನೇಲಿ ಊಟ ಹಾಕ್ತಾರೋ ಇಲ್ವೋ," ಎಂದಳು. ಸೊಸೆ ತಲೆ ತಗ್ಗಿಸಿ, "ಅವ್ರು ಹೆಂಗಿದಾರೆ ಅತ್ತೆ?" ಎಂದು ಕೇಳಿದಳು.

"ಹೆಂಗಿರ್ತಾನೆ? ದಿನಾ ಬೆಳಿಗ್ಗೆ ಎದ್ದು ಕ್ಯಾಲೆಂಡರ್ ಮುಂದೆ ನಿಂತ್ಕೋತಾನೆ. ಶ್ರಾವಣ ಯಾವಾಗ ಅಂತ."

ಸಾಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನ್ ಗಂಡಸ್ರಪ್ಪಾ! ಹೆಂಡ್ತಿ ಒಂದು ತಿಂಗ್ಳಿಲ್ದಿದ್ರೆ ಇಷ್ಟು ಒದ್ದಾಟಾನಾ? ನನ್ ಕೇಳಿದ್ರೆ ಆಷಾಢ ಮೂರು ತಿಂಗ್ಳಿರ್ಬೇಕು. ವ್ಯಾಪಾರಾನೂ ಆಗುತ್ತೆ, ಮನೇಲೂ ನೆಮ್ಮದಿ."

ಹಜರಾ ಬೀ ಪುಟ್ಟತಾಯಮ್ಮನ ಪಕ್ಕಕ್ಕೆ ಸರಿದು ಕೂತು, ಬಹಳ ಹೊತ್ತು ಮೆಲ್ಲಗೆ ಮಾತಾಡಿದಳು.

ಕುಣಿಗಲ್ ಕೆರೆಯನ್ನೂ ನೋಡಿ ಮುಗಿಯುವ ಹೊತ್ತಿಗೆ ಆಕೆಯೇ, "ನಮ್ಮಮ್ಮನ್ ಮನೆ ಇಲ್ಲೇ. ಎಲ್ರೂ ಎಳನೀರು ಕುಡ್ಕೊಂಡು ಹೋಗೋಣ," ಎಂದಳು. ಸಾಬರಿಗೆ ಸ್ವರ್ಗ ಮೂರೇ ಗೇಣು. ಮೈದುನನ ಮನೆ ಮುಂದೆ, ತುಂಬಿದ ಗಾಡಿಯ ಮೆರವಣಿಗೆ! ಅರ್ಧ ಕಿಲೋಮೀಟರ್ ದೂರದಿಂದಲೇ ಹಾರನ್ ಬಾರಿಸುತ್ತ ಬಂದು ಅಂಗಳದಲ್ಲಿ ವ್ಯಾನು ನಿಲ್ಲಿಸಿದರು. ಎರಡು ಬಾಗಿಲುಗಳಿಂದ ಹೆಂಗಸರು ಇಳಿಯುತ್ತಲೇ ಇದ್ದರು. ಅಜ್ಮತುಲ್ಲಾ ಬಾಯಿ ಬಿಟ್ಟುಕೊಂಡು ನೋಡಿದ.

"ಎಣಿಸ್ಕೊಳ್ಳೋ! ಒಂದು ಸೀಟು ಖಾಲಿ ಇದ್ರೆ ಹೇಳು. ಇನ್ಮೇಲೆ ಕಾಯಿ ಗಾಡಿ ಅಂದ್ರೆ ನೋಡು!" ಎಂದು ಸಾಬರು ಮೀಸೆ ತಿರುವಿದರು.

"ಸೋತೆ ಭಾವ," ಎಂದ ಅಜ್ಮತುಲ್ಲಾ, ಅಂಗಳದಲ್ಲೇ ಎಲ್ಲರಿಗೂ ಎಳನೀರು ಕೊಚ್ಚಿ ಕೊಟ್ಟ. ಆಮೇಲೆ ಅಕ್ಕ ಸನ್ನೆ ಮಾಡಿದಳೆಂದು ವ್ಯಾನಿನ ಹಿಂದೆ ಹೋಗಿ, ಬಾಗಿಲನ್ನು ಒಂದೇ ಎಳೆತಕ್ಕೆ ತೆಗೆದು, ಟ್ರಂಕನ್ನು ಧಡಾರನೆ ಇಳಿಸಿ ಹೆಗಲಿಗೇರಿಸಿದ. ಒಂದು ಗಾಜೂ ಸದ್ದು ಮಾಡಲಿಲ್ಲ.

"ಹುಷಾರೋ, ಗಾಜಿನ ಸಾಮಾನು!" ಎಂದರು ಸಾಬರು.

"ಗಾಜಲ್ಲ ರೀ. ನನ್ ಸೀರೆ," ಎಂದಳು ಹಜರಾ ಬೀ. "ಏನ್ ಬೇಕಾದ್ರೂ ಕೊಡ್ತೀನಿ ಅಂದಿದ್ರಲ್ಲ. ವನಜಮ್ಮ ಸಾಕ್ಷಿ ಇದಾರೆ. ನಂಗೆ ಒಂದು ಆಷಾಢ ಬೇಕು. ಒಂದು ತಿಂಗ್ಳು ಅಮ್ಮನ್ ಮನೇಲಿರ್ತೀನಿ."

ಆಕೆ ತಮ್ಮನ ಹಿಂದೆ ನಡೆದು, ಬಾಗಿಲಲ್ಲಿ ನಿಂತಿದ್ದ ತಾಯಿ ಚಾಂದ್ ಬೀಯನ್ನು ತಬ್ಬಿಕೊಂಡಳು. ಇಪ್ಪತ್ತೆರಡು ವರ್ಷ ಕಾದ ಮುದುಕಿ ಮಗಳ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು. ಸಾಬರಿಗೆ ಮಾತ್ರ ಬೆಳಗಿನ ಟೀ, ಮಧ್ಯಾಹ್ನದ ಅನ್ನ, ಒಗೆಯುವ ಬಟ್ಟೆ, ಮಾತಿಲ್ಲದ ಮನೆ ಎಲ್ಲ ಸಾಲಾಗಿ ಕಣ್ಣ ಮುಂದೆ ಬಂದವು. ಹೇಗಾದರೂ ಕೈಕಾಲು ಹಿಡಿದು ಕರೆದುಕೊಂಡು ಹೋಗೋಣವೆಂದು ಮನೆಯತ್ತ ಓಡಿದರು.

ಹೊಸ್ತಿಲಿಗೆ ಒಂದು ಹೆಜ್ಜೆ ಇರುವಾಗ ಹಿಂದಿನಿಂದ ಯಾರೋ ಅಂಗಿ ಹಿಡಿದು ಎಳೆದರು.

"ಎಲ್ಲಿಗಪ್ಪಾ ಸಾಬಣ್ಣ?" ಎಂದರು ಪುಟ್ಟತಾಯಮ್ಮ. "ಆಷಾಢ ಕಣಪ್ಪಾ. ಅಳಿಯ ಅತ್ತೆ ಮನೆ ಹೊಸ್ತಿಲು ತುಳಿಯಂಗಿಲ್ಲ."

"ಅದು ನಿಮ್ ಪದ್ಧತಿ ಪುಟ್ಟತಾಯಮ್ನೋರೆ! ನಮ್ದಲ್ಲ!"

"ಬೆಳಿಗ್ಗೆಯಿಂದ ನಮ್ ಪದ್ಧತೀಲೇ ಗಾಡಿ ಓಡಿಸ್ದೆಯಲ್ಲಪ್ಪಾ. ಲಾಭಕ್ಕೆ ಆಗಿದ್ದು ನಷ್ಟಕ್ಕೆ ಆಗಲ್ವಾ?"

"ಅದು ಹೊಸಬರಿಗೆ! ನಂಗೆ ಮದ್ವೆ ಆಗಿ ಇಪ್ಪತ್ತೆರಡು ವರ್ಷ!"

"ಆದ್ರೆ ಹಜರಾ ಬೀಗೆ ಇದು ಮೊದಲ್ನೇ ಆಷಾಢ ತಾನೆ? ಮೊದಲ್ನೇ ಆಷಾಢ ಅಂದ್ಮೇಲೆ ಹೊಸಬನ ಲೆಕ್ಕಾನೇ, ಬುಡು."

ಅತ್ತೆಯರೆಲ್ಲ ಬಾಗಿಲಿಗೆ ಗೋಡೆಯಾಗಿ ನಿಂತರು. ಸೊಸೆಯರು ಅವರ ಹಿಂದೆ ಸೆರಗು ಬಾಯಿಗಿಟ್ಟು ನಕ್ಕರು. ಅಳಿಯನ ಮೇಲೆ ಮರುಕಪಟ್ಟ ಚಾಂದ್ ಬೀ ಕಿಟಕಿಯ ಸರಳುಗಳ ನಡುವೆ ಒಂದು ಊಟದ ಪೊಟ್ಟಣ ತೂರಿಸಿದಳು. ಅದರ ಹಿಂದೆ ಹಜರಾ ಬೀಯ ಮುಖ ಕಂಡಿತು. ಅಷ್ಟು ಚೆಲುವಾಗಿ ಅವಳು ನಕ್ಕದ್ದನ್ನು ಸಾಬರು ಯಾವ ಸೀಜನ್ನಿನಲ್ಲೂ ನೋಡಿರಲಿಲ್ಲ.

"ಮನೆಗೆ ಹೋಗಿ ಈರುಳ್ಳಿ ತಿರುವಿ ಹಾಕಿ. ಕೋಳಿಗೆ ನೀರಿಡಿ. ಶ್ರಾವಣ ಬಂದ್ಮೇಲೆ ಬನ್ನಿ," ಎಂದಳು.

ಸೊಸೆಯರನ್ನು ಗುಬ್ಬಿಯಲ್ಲಿ ಇಳಿಸಿ ಬರುವ ದಾರಿಯಲ್ಲಿ ಅತ್ತೆಯರು, ಟೂರು ಬಹಳ ಚೆನ್ನಾಗಿತ್ತು, ಮುಂದಿನ ಗುರುವಾರವೂ ಬರುತ್ತೇವೆ, ಪಕ್ಕದ ಬೀದಿಯವರನ್ನೂ ಕರೆತರುತ್ತೇವೆ ಎಂದು ಹೊಗಳಿದ್ದೇ ಹೊಗಳಿದ್ದು. ವ್ಯಾನು ಉಳಿಯಿತು. ಆಷಾಢವಿಡೀ ಓಡುವುದೂ ಖಾತ್ರಿಯಾಯಿತು. ಮುಂದಿನ ಸೀಟು ಮಾತ್ರ ಖಾಲಿಯಾಗಿತ್ತು.

ಮರುದಿನ ಬೆಳಿಗ್ಗೆ, ಉಕ್ಕಿದ ಹಾಲನ್ನೂ ಸೀದ ಪಾತ್ರೆಯನ್ನೂ ಹಾಗೇ ಬಿಟ್ಟು, ಸಾಬರು ಪಕ್ಕದ ಮನೆಗೆ ಹೋದರು. ವನಜಮ್ಮನ ಮಗ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳು ಮಡಿಸುತ್ತಿದ್ದ. ಸಾಬರನ್ನು ನೋಡಿ, ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಬಿಟ್ಟ.